ಸಾಂತ್ವನದ ಕಾರ್ಡು: ಮೊದಲು ಬಣ್ಣ, ಆಮೇಲೆ ಸ್ಟ್ಯಾಂಪು

ಪ್ರಶ್ನೆ: ನಾನು ಶಿವಮೊಗ್ಗದವಳು. ಬೆಂಗಳೂರಿನಲ್ಲಿರುವ ನನ್ನ ಹಳೆಯ ಗೆಳತಿಯ ತಾಯಿ ಈಚೆಗೆ ತೀರಿಕೊಂಡರು. ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಕೈಯಾರೆ ಒಂದು ಕಾರ್ಡು ಮಾಡಿ ಕಳಿಸೋಣ ಎಂದುಕೊಂಡೆ. ಮನೆಯಲ್ಲಿ ಕ್ಯಾಮೆಲ್ ನೀರುಬಣ್ಣದ ಡಬ್ಬಿ, ಎಲೆ, ಹೂವಿನ ಕೆಲವು ರಬ್ಬರ್ ಸ್ಟ್ಯಾಂಪು, ಆಫೀಸಿನಲ್ಲಿ ಬಳಸುವ ನೇರಳೆ ಇಂಕ್ ಪ್ಯಾಡ್ ಇವೆ. ಡ್ರಾಯಿಂಗ್ ಶೀಟಿನ ಮೇಲೆ ಸ್ಟ್ಯಾಂಪು ಒತ್ತಿ ಬಣ್ಣ ತುಂಬಿದೆ. ಇಂಕೆಲ್ಲ ಕದಡಿತು, ಕಾಗದ ಸೊಟ್ಟಗಾಯಿತು. ಸರಿಯಾದ ಕ್ರಮ ಯಾವುದು? ಚಿತ್ರ ಅಷ್ಟಾಗಿ ಬರದವರು ಮಾಡಬಹುದಾದ್ದು ಏನಾದರೂ ಇದೆಯೇ? ಒಳಗೆ ಏನು ಬರೆಯಬೇಕು? ಅಮೆರಿಕದಲ್ಲಿರುವ ಮಗಳೂ ಪಕ್ಕದ ಮನೆಯ ಅಜ್ಜಿಗೆ ಇಂಥದ್ದೇ ಒಂದು ಕಾರ್ಡು ಕೊಡಬೇಕು ಅಂತಿದ್ದಾಳೆ. ಅವರ ಗಂಡ ತೀರಿಕೊಂಡಿದ್ದಾರೆ.

ಉತ್ತರ: ನಿಮ್ಮ ಕ್ರಮವನ್ನು ತಿರುಗಿಸಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ. ಮೊದಲು ಬಣ್ಣ ಬಳಿಯಿರಿ. ಪೂರ್ತಿ ಒಣಗಲಿ. ಆಮೇಲೆ ಸ್ಟ್ಯಾಂಪು ಒತ್ತಿ. ಒತ್ತಿದ ಮೇಲೆ ಆ ಕಾಗದಕ್ಕೆ ನೀರು ತಾಕಿಸಬೇಡಿ. ಹೀಗೆ ಮಾಡಿದರೆ ಯಾವ ಇಂಕ್ ಆದರೂ ನಡೆಯುತ್ತದೆ, ಆಫೀಸಿನ ಪ್ಯಾಡ್ ಕೂಡ.

ಇಂಕ್ ಕದಡಿದ್ದು ನಿಮ್ಮ ಕೈಯ ದೋಷವಲ್ಲ. ಆಫೀಸಿನ ಪ್ಯಾಡಿನಲ್ಲಿ ಇರುವುದು ನೀರಿನಲ್ಲಿ ಕರಗುವ ಬಣ್ಣ. ಪ್ಯಾಡ್ ಬೇಗ ಒಣಗದಿರಲಿ ಅಂತ ಅದಕ್ಕೆ ಗ್ಲಿಸರಿನ್‌ನಂಥ ಪದಾರ್ಥ ಸೇರಿಸಿರುತ್ತಾರೆ. ರಶೀದಿಯ ಮೇಲೆ ಮೊಹರು ಹಾಕಲು ಅದು ಸರಿ. ಆದರೆ ಒದ್ದೆ ಬ್ರಷ್ ತಗುಲಿದ ಕೂಡಲೇ ಮತ್ತೆ ಕರಗಿ ಹರಿಯುತ್ತದೆ. ಎಷ್ಟು ದಿನ ಬಿಟ್ಟು ಬಣ್ಣ ಹಾಕಿದರೂ ಅಷ್ಟೇ. ಅದರ ಜೊತೆಗೆ ಆ ನೇರಳೆ ಬಣ್ಣ ನೋಡಿದರೆ ತಾಲ್ಲೂಕು ಕಚೇರಿ ನೆನಪಾಗುತ್ತದೆ, ಅಲ್ವಾ? ಹಾಗಾಗಿ ಒಂದು ಕಪ್ಪು ಪ್ಯಾಡ್ ಕೊಳ್ಳಿ.

ಸ್ಟ್ಯಾಂಪಿನ ಗೆರೆಯ ಒಳಗೆ ಬಣ್ಣ ತುಂಬಲೇಬೇಕು ಅನ್ನಿಸಿದರೆ ನೀರಿಗೆ ಜಗ್ಗದ ಇಂಕ್ ಬೇಕು. ಆನ್‌ಲೈನಿನಲ್ಲಿ ಪಿಗ್ಮೆಂಟ್ ಅಥವಾ ಆರ್ಕೈವಲ್ ಅಂತ ಹೆಸರಿರುವ ಪ್ಯಾಡುಗಳು ಸಿಗುತ್ತವೆ. ಆ ಹೆಸರು ನೋಡಿ ಪೂರ್ತಿ ನಂಬಬೇಡಿ. ಒಂದು ಚೂರು ಕಾಗದದ ಮೇಲೆ ಒತ್ತಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒದ್ದೆ ಬ್ರಷ್ ಆಡಿಸಿ ನೋಡಿ. ಅಲುಗಾಡಲಿಲ್ಲ ಅಂದರೆ ಅದು ನಿಮ್ಮ ಇಂಕ್. ಊರಲ್ಲೇ ಸಿಗುವ ದಾರಿಯೂ ಒಂದಿದೆ. ಬಟ್ಟೆಗೆ ಬಳಿಯುವ ಫೆವಿಕ್ರಿಲ್ ಅಕ್ರಿಲಿಕ್ ಬಣ್ಣ ಫ್ಯಾನ್ಸಿ ಸ್ಟೋರಿನಲ್ಲಿ, ಸ್ಟೇಷನರಿ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ಸ್ಪಂಜಿನ ಚೂರಿಗೆ ಹಚ್ಚಿಕೊಂಡು ಸ್ಟ್ಯಾಂಪಿನ ಮೇಲೆ ತೆಳುವಾಗಿ ತಟ್ಟಿ ಒತ್ತಿ. ಒಣಗಿದ ಮೇಲೆ ನೀರು ಏನೂ ಮಾಡುವುದಿಲ್ಲ. ಒಂದೇ ಎಚ್ಚರ: ಒತ್ತಿದ ತಕ್ಷಣ ಸ್ಟ್ಯಾಂಪನ್ನು ತೊಳೆಯಬೇಕು. ಅಕ್ರಿಲಿಕ್ ಗಟ್ಟಿಯಾಗಿ ಕೂತರೆ ಗೆರೆಗಳೆಲ್ಲ ತುಂಬಿಕೊಂಡು ಸ್ಟ್ಯಾಂಪು ಹಾಳು. ಬಾಟಲಿಯಲ್ಲಿ ಬರುವ ಕಪ್ಪು ಡ್ರಾಯಿಂಗ್ ಇಂಕನ್ನು ಮಾತ್ರ ಸ್ಟ್ಯಾಂಪಿಗೆ ಹಚ್ಚಬೇಡಿ. ಅದರಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ರಬ್ಬರಿನ ಮೇಲೆ ಒಣಗಿದರೆ ಬಿಡಿಸುವುದು ಕಷ್ಟ.

ಇನ್ನು ಕಾಗದ. ದುಡ್ಡು ಹಾಕುವುದಾದರೆ ಇದಕ್ಕೇ ಹಾಕಿ. ಬಣ್ಣ ಮಕ್ಕಳದ್ದಾದರೂ ಪರವಾಗಿಲ್ಲ, ಬ್ರಷ್ ಒಂದೇ ಇದ್ದರೂ ಪರವಾಗಿಲ್ಲ, ಕಾಗದ ಮಾತ್ರ ಸರಿ ಇರಬೇಕು. ಮಾಮೂಲಿ ಡ್ರಾಯಿಂಗ್ ಶೀಟು ಸಾಧಾರಣವಾಗಿ 120ರಿಂದ 150 ಜಿಎಸ್ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಇರುತ್ತದೆ. ನೀರು ಬಿದ್ದ ಕಡೆ ನಾರು ಉಬ್ಬುತ್ತದೆ, ಒಣಗಿದ ಕಡೆ ಉಬ್ಬುವುದಿಲ್ಲ. ಎರಡರ ಎಳೆದಾಟದಲ್ಲಿ ಕಾಗದ ಸೊಟ್ಟಗಾಗುತ್ತದೆ. ನಿಮಗೆ ಬೇಕಾದ್ದು ನೀರುಬಣ್ಣಕ್ಕೆಂದೇ ಮಾಡಿದ 300 ಜಿಎಸ್ಎಂ ಕಾಗದ. ಸೀರೆಗೆ ಗಂಜಿ ಹಾಕಿದ ಹಾಗೆ ಈ ಕಾಗದಕ್ಕೂ ಒಂದು ಲೇಪ ಇರುತ್ತದೆ. ಅದರಿಂದ ಬಣ್ಣ ತಕ್ಷಣ ಒಳಗೆ ಇಳಿಯದೆ ಮೇಲೆಯೇ ಸ್ವಲ್ಪ ಹೊತ್ತು ಆಡುತ್ತದೆ. ನಮಗೆ ಬೇಕಾದ್ದು ಆ ಸ್ವಲ್ಪ ಹೊತ್ತು. ಪುಸ್ತಕದ ರೂಪದಲ್ಲಿ ಹತ್ತೋ ಇಪ್ಪತ್ತೋ ಹಾಳೆಯ ಪ್ಯಾಡ್ ಸಿಗುತ್ತದೆ. ಹತ್ತಿ ಬೆರೆತ ಕಾಗದವಾದರೆ ಇನ್ನೂ ಒಳ್ಳೆಯದು. ಹುಬ್ಬಳ್ಳಿ ಪಕ್ಕದ ತಾರಿಹಾಳದಲ್ಲಿ ಹತ್ತಿ ಬಟ್ಟೆಯ ಚೂರುಗಳಿಂದ ಕೈಯಲ್ಲೇ ಇಂಥ ಕಾಗದ ಮಾಡುತ್ತಾರೆ. ಹೊರದೇಶದ ಕಲಾವಿದರೂ ಅದನ್ನು ತರಿಸಿಕೊಳ್ಳುತ್ತಾರೆ. ನಾಲ್ಕೂ ಅಂಚು ಒರಟಾಗಿರುವ ಆ ಹಾಳೆಯ ಮೇಲೆ ಒಂದು ಎಲೆ ಬಿದ್ದರೂ ಸಾಕು, ಕಾರ್ಡು ತುಂಬಿದ ಹಾಗೆ ಕಾಣುತ್ತದೆ. ಆದರೆ ಹೂವಿನ ಎಸಳು, ಹುಲ್ಲು ಸೇರಿಸಿದ ಅಲಂಕಾರದ ಕೈಕಾಗದ ಬೇರೆ. ಅದರಲ್ಲಿ ಲೇಪ ಇಲ್ಲದ್ದೇ ಜಾಸ್ತಿ, ಬಣ್ಣ ಹಾಕಿದರೆ ಒತ್ತುಕಾಗದದಂತೆ ಹೀರಿಕೊಂಡು ಹರಡುತ್ತದೆ. ಅದನ್ನು ಕವರ್ ಮಾಡಲು ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ನಿಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಡಿ. ತೇವ ಹಿಡಿದ ಕಾಗದದ ಲೇಪ ಸೋತು ಬಣ್ಣ ಚುಕ್ಕಿಚುಕ್ಕಿಯಾಗಿ ಇಳಿಯುತ್ತದೆ. ಬಣ್ಣ ಹಾಕಿದ ಮೇಲೂ ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗುವುದು ಆಷಾಢದಲ್ಲಿ ಮಧ್ಯಾಹ್ನದವರೆಗೂ ತೆಗೆದುಕೊಳ್ಳಬಹುದು. ಕೈಯ ಹಿಂಭಾಗ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಇನ್ನೂ ಒಳಗೆ ನೀರಿದೆ ಅಂತ.

ಅಳತೆಯ ವಿಷಯದಲ್ಲಿ ನನ್ನದು ತಿರುಗುಮುರುಗು ಸಲಹೆ: ಮೊದಲು ಕವರ್ ಕೊಳ್ಳಿ, ಆಮೇಲೆ ಕಾರ್ಡು ಕತ್ತರಿಸಿ. ಕಾರ್ಡು ಮಾಡಿ ಮುಗಿಸಿ ಕವರ್ ಹುಡುಕಿದರೆ ಸಿಗುವುದಿಲ್ಲ. ಎ4 ಹಾಳೆಯನ್ನು ಎರಡು ಮಾಡಿದರೆ ಎ5, ಅಂದರೆ 148 x 210 ಮಿಲಿಮೀಟರ್. ಅದನ್ನು 105 ಮಿಲಿಮೀಟರಿಗೆ ಮಡಚಿದರೆ ಅಂಗೈ ಅಗಲದ ಕಾರ್ಡು. ಅದಕ್ಕೆ ಹೊಂದುವುದು ಸಿ6 ಅನ್ನುವ ಕವರ್, 114 x 162 ಮಿಲಿಮೀಟರಿನದು. ಲಗ್ನಪತ್ರಿಕೆ ಮಾರುವ ಅಂಗಡಿಯಲ್ಲಿ ಕೇಳುವುದಾದರೆ ನೋಡಿ ತನ್ನಿ. ಅಲ್ಲಿನ ಕವರುಗಳ ಮೂಲೆಯಲ್ಲಿ ಗಣಪತಿಯೋ ಚಿನ್ನದ ಬಳ್ಳಿಯೋ ಇರುತ್ತದೆ.

ಬಣ್ಣಕ್ಕೆ ಬರುವ ಮೊದಲು ಇದನ್ನು ಹೇಳಿಬಿಡಬೇಕು. ಶುಭಪತ್ರದ ನಾಲ್ಕು ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ರೂಢಿ. ಸಾವಿನ ಸುದ್ದಿಯ ಕಾಗದಕ್ಕೆ ಹಚ್ಚುವುದಿಲ್ಲ. ಕಾರ್ಡಿನ ಮೂಲೆಯಲ್ಲಿ ಹಳದಿ ಬಣ್ಣ ಹರಡಿದರೆ ನೋಡುವವರಿಗೆ ಒಂದು ಕ್ಷಣ ಏನೋ ಎಡವಟ್ಟು ಅನ್ನಿಸುತ್ತದೆ. ಮೂಲೆಗಳನ್ನು ಬಿಳಿಯಾಗಿ ಬಿಡಿ. ಕೆಂಪು, ಹಸಿರು ಒಟ್ಟಿಗೆ ಜೋರಾಗಿ ಬಂದರೂ ಹಬ್ಬದ ಕಳೆ ಬರುತ್ತದೆ.

ಹಾಗಂತ ಕಪ್ಪು ಬಳಿಯಬೇಡಿ. ಡಬ್ಬಿಯ ಕಪ್ಪು ನೀರಿನಲ್ಲಿ ಬೆರೆತರೆ ಮಸಿ ನೀರಿನಂತೆ ಸತ್ತುಹೋಗಿ ಕಾಣುತ್ತದೆ. ನಿಮ್ಮ ಡಬ್ಬಿಯಲ್ಲಿ ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಅನ್ನುವ ಇಟ್ಟಿಗೆ ಕಂದು ಇದ್ದರೆ ಎರಡನ್ನೂ ಬೆರೆಸಿ. ಸೊಗಸಾದ ಬೂದು ಬರುತ್ತದೆ. ನೀಲಿ ಜಾಸ್ತಿಯಾದರೆ ಮಳೆ ಮೋಡದ ಬೂದು, ಕಂದು ಜಾಸ್ತಿಯಾದರೆ ಒಣಗಿದ ಎಲೆಯ ಬೂದು. ಇದೊಂದು ಜೋಡಿಯಲ್ಲೇ ಇಡೀ ಕಾರ್ಡು ಮಾಡಬಹುದು. ಇಂಡಿಗೊ ಇದ್ದರೆ ಅದನ್ನೇ ತುಂಬ ನೀರು ಮಾಡಿ ಬಳಸಿದರೂ ಆಯಿತು. ನೀರುಬಣ್ಣ ಒಣಗಿದ ಮೇಲೆ ಇನ್ನೂ ಸ್ವಲ್ಪ ತೆಳುವಾಗುತ್ತದೆ, ಅದು ನೆನಪಿರಲಿ. ಜಪಾನಿನಲ್ಲಿ ಸಾವಿನ ಮನೆಗೆ ಕೊಡುವ ಹಣದ ಕವರಿನ ಮೇಲೆ ಹೆಸರನ್ನು ಬೇಕೆಂದೇ ತೆಳುಮಸಿಯಲ್ಲಿ ಬರೆಯುತ್ತಾರೆ, ಕಣ್ಣೀರು ಬಿದ್ದು ಮಸಿ ತೆಳುವಾಯಿತು ಅನ್ನುವ ಭಾವದಲ್ಲಿ. ನಮ್ಮ ಕಾರ್ಡಿಗೂ ಅಷ್ಟು ತೆಳುವಾದ ಬಣ್ಣ ಸಾಕು.

ಈಗ ಕೆಲಸ. ಚಿತ್ರ ಬರದವರಿಗೆ ನಾನು ಯಾವಾಗಲೂ ಹೇಳುವ ವಿಧಾನ ಇದು: ಕಾರ್ಡಿನ ಮೇಲೆ ನೇರವಾಗಿ ಬಣ್ಣ ಹಾಕಬೇಡಿ. ಒಂದು ಎ4 ಹಾಳೆಯ ತುಂಬ ಸುಮ್ನೆ ಬಣ್ಣ ಹರಿಯಬಿಡಿ. ಒಣಗಿದ ಮೇಲೆ ಅದರಲ್ಲಿ ಚೆನ್ನಾಗಿ ಬಂದ ಜಾಗಗಳನ್ನು ಹುಡುಕಿ, ಕತ್ತರಿಸಿ, ಖಾಲಿ ಕಾರ್ಡುಗಳ ಮೇಲೆ ಅಂಟಿಸಿ. ಹಾಳೆ ಪೂರ್ತಿ ಚೆನ್ನಾಗಿ ಬರುವುದು ಅಪರೂಪ. ಅಂಗೈಯಷ್ಟು ಜಾಗ ಚೆನ್ನಾಗಿ ಬರದೇ ಇರುವುದೂ ಅಪರೂಪ.

ಹಾಳೆಯ ನಾಲ್ಕೂ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ ಪರೀಕ್ಷೆಯ ಪ್ಯಾಡಿಗೋ ಹಲಗೆಗೋ ಬಿಗಿಯಾಗಿ ಕೂರಿಸಿ. ಟೇಪ್ ತೀರ ಅಂಟು ಅನ್ನಿಸಿದರೆ ಒಮ್ಮೆ ಬಟ್ಟೆಗೆ ಒತ್ತಿ ತೆಗೆಯಿರಿ. ಎರಡು ಲೋಟ ನೀರು ಇಟ್ಟುಕೊಳ್ಳಿ, ಒಂದು ಬ್ರಷ್ ತೊಳೆಯಲು, ಇನ್ನೊಂದು ಶುದ್ಧ ನೀರಿಗೆ. ಅಗಲದ ಬ್ರಷ್‌ನಿಂದ ಹಾಳೆಯ ಕೆಳಗಿನ ಅರ್ಧಕ್ಕೆ ಬರೀ ನೀರು ಬಳಿಯಿರಿ. ಬೆಳಕಿಗೆ ಹಿಡಿದರೆ ಹೊಳೆಯಬೇಕು, ಮಡು ನಿಲ್ಲಬಾರದು. ಬೂದು ಬಣ್ಣವನ್ನು ಬ್ರಷ್ ತುಂಬ ತೆಗೆದುಕೊಂಡು ಕೆಳ ಅಂಚಿನಿಂದ ಅಡ್ಡಕ್ಕೆ ಒಂದು ಎಳೆತ ಎಳೆಯಿರಿ. ಅದರ ಮೇಲೆ ಇನ್ನೊಂದು, ಇನ್ನೂ ತೆಳು. ಆಮೇಲೆ ಹಲಗೆಯನ್ನು ಸ್ವಲ್ಪ ಆ ಕಡೆ ಈ ಕಡೆ ವಾಲಿಸಿ. ಬಣ್ಣ ತಾನೇ ಮೇಲಕ್ಕೆ ಏರಿ ಬಿಳಿಯಲ್ಲಿ ಕರಗುತ್ತದೆ. ಬೆಟ್ಟದ ಮೇಲಿನ ಮಂಜು ಅಂತ ನೋಡಿದವರೇ ಹೇಳುತ್ತಾರೆ, ನೀವು ಬೆಟ್ಟ ಬರೆದಿರುವುದಿಲ್ಲ.

ಆಮೇಲೆ ಕೈ ಕಟ್ಟಿ ಕೂರಿ. ಕಷ್ಟ ಇರುವುದು ಇಲ್ಲಿ. ಅರ್ಧ ಒಣಗಿದ ಹೊತ್ತಿನಲ್ಲಿ ಇನ್ನೊಂದು ಹನಿ ಹಾಕಿ ಸರಿಮಾಡೋಣ ಅನ್ನಿಸುತ್ತದೆ. ಆ ಹನಿಯ ನೀರು ಅರೆ ಒಣಗಿದ ಬಣ್ಣವನ್ನು ತಳ್ಳಿಕೊಂಡು ಹೋಗಿ ಸುತ್ತ ಚೂಪುಚೂಪಾದ ಅಂಚು ಕಟ್ಟುತ್ತದೆ. ತಿದ್ದುವುದಿದ್ದರೆ ಹಾಳೆ ಹೊಳೆಯುತ್ತಿರುವಾಗಲೇ ತಿದ್ದಿ, ಇಲ್ಲವೇ ಪೂರ್ತಿ ಒಣಗಿದ ಮೇಲೆ. ನಡುವೆ ಬೇಡ. ಒಣಗಿದ ಮೇಲೆ ಟೇಪನ್ನು ಓರೆಯಾಗಿ, ಹಾಳೆಯಿಂದ ಹೊರಗಡೆಗೆ, ನಿಧಾನವಾಗಿ ಎಳೆದು ತೆಗೆಯಿರಿ. ಇಷ್ಟೆಲ್ಲ ಮಾಡಿಯೂ ಸ್ವಲ್ಪ ಸೊಟ್ಟಗಾಗಿದ್ದರೆ ಹಿಂಭಾಗಕ್ಕೆ ಒದ್ದೆ ಬಟ್ಟೆ ಸವರಿ, ಎರಡು ಬಿಳಿ ಹಾಳೆಯ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿ ಬಿಡಿ. ನೆಟ್ಟಗಾಗುತ್ತದೆ.

ಇನ್ನು ಒಂದು ದಪ್ಪ ರಟ್ಟಿನಲ್ಲಿ ಕಿಟಕಿಯಂತೆ 7 x 10 ಸೆಂಟಿಮೀಟರಿನ ತೂತು ಕತ್ತರಿಸಿ, ಬಣ್ಣದ ಹಾಳೆಯ ಮೇಲೆ ಜರುಗಿಸುತ್ತಾ ಹೋಗಿ. ಎಲ್ಲಿ ಕಣ್ಣು ನಿಲ್ಲುತ್ತದೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಆ ಚೌಕದಲ್ಲಿ ಅರ್ಧ ಬಿಳಿ ಇದ್ದರೆ ಒಳ್ಳೆಯದು, ಸ್ಟ್ಯಾಂಪಿಗೆ ಜಾಗ ಬೇಕು. ಅಂಟಿಸಲು ಫೆವಿಕಾಲ್ ಬೇಡ, ಅದರ ನೀರಿಗೆ ಮತ್ತೆ ಮುದುಡುತ್ತದೆ. ಎರಡು ಕಡೆ ಅಂಟಿನ ಟೇಪ್ ಅಥವಾ ಗ್ಲೂ ಸ್ಟಿಕ್ ಸಾಕು.

ಸ್ಟ್ಯಾಂಪು ಒತ್ತುವಾಗ ಪ್ಯಾಡಿನ ಮೇಲೆ ಅದನ್ನು ಅದುಮಬೇಡಿ. ಮೆಲ್ಲಗೆ ನಾಲ್ಕೈದು ಸಲ ತಟ್ಟಿ. ಅದುಮಿದರೆ ಗೆರೆಗಳ ನಡುವೆ ಇಂಕ್ ತುಂಬಿ ಅಚ್ಚು ದಪ್ಪವಾಗುತ್ತದೆ. ನೀರುಬಣ್ಣದ ಕಾಗದ ಒರಟು, ತಗ್ಗುಗಳಿಗೆ ಇಂಕ್ ತಲುಪುವುದಿಲ್ಲ. ಕಾಗದದ ಕೆಳಗೆ ಏಳೆಂಟು ಪದರ ನ್ಯೂಸ್‌ಪೇಪರ್ ಅಥವಾ ಹಳೆಯ ಮೌಸ್ ಪ್ಯಾಡ್ ಇಟ್ಟುಕೊಳ್ಳಿ. ಒತ್ತಿ, ಅಲುಗಾಡಿಸದೆ ಹತ್ತು ಎಣಿಸಿ, ನೇರ ಮೇಲಕ್ಕೆ ಎತ್ತಿ. ಪಾರದರ್ಶಕ ಪಾಲಿಮರ್ ಸ್ಟ್ಯಾಂಪು ಹೊಸದಾಗಿದ್ದರೆ ಇಂಕ್ ಹನಿಹನಿಯಾಗಿ ನಿಲ್ಲುತ್ತದೆ. ಪೆನ್ಸಿಲ್ ರಬ್ಬರಿನಿಂದ ಅದರ ಮೈಯನ್ನು ಹಗುರವಾಗಿ ಉಜ್ಜಿ, ಆಮೇಲೆ ಹಿಡಿಯುತ್ತದೆ.

ಇದರಲ್ಲಿ ನನಗೆ ಬಹಳ ಇಷ್ಟವಾದ ಒಂದು ಚಮತ್ಕಾರ ಇದೆ. ಒಂದು ಸಲ ಇಂಕ್ ಹಚ್ಚಿ ಚೂರು ಕಾಗದದ ಮೇಲೆ ಒತ್ತಿ. ಮತ್ತೆ ಇಂಕ್ ಹಚ್ಚದೆ ಹಾಗೇ ಕಾರ್ಡಿನ ಮೇಲೆ ಒತ್ತಿ. ಈ ಎರಡನೇ ಅಚ್ಚು ಮಸುಕಾಗಿ, ನೆರಳಿನಂತೆ ಬರುತ್ತದೆ. ಸಾಂತ್ವನದ ಕಾರ್ಡಿಗೆ ಮೊದಲ ಅಚ್ಚಿಗಿಂತ ಇದೇ ಹೊಂದುತ್ತದೆ. ಮಸುಕು ಅಚ್ಚು ಎರಡು ಹಿಂದೆ, ಕಪ್ಪು ಅಚ್ಚು ಒಂದು ಮುಂದೆ ಬಂದರೆ ಗಿಡಕ್ಕೆ ಆಳ ಬರುತ್ತದೆ. ಪ್ಯಾಡೇ ಇಲ್ಲದೆ ನೀರುಬಣ್ಣವನ್ನೇ ಬ್ರಷ್‌ನಿಂದ ಸ್ಟ್ಯಾಂಪಿಗೆ ಹಚ್ಚಿ ಒತ್ತಲೂಬಹುದು. ಒಣಗುವ ಮೊದಲು ಬಾಯಿಂದ ಹಾ ಅಂತ ಆವಿ ಬಿಟ್ಟು ಒತ್ತಿ. ಗೆರೆ ಅಲ್ಲಲ್ಲಿ ಮುರಿದು, ಕೈಯಲ್ಲಿ ಬರೆದ ಹಾಗೆ ಕಾಣುತ್ತದೆ.

ಅಂಗಡಿಯ ಸ್ಟ್ಯಾಂಪಿನ ಗುಲಾಬಿ ಹೂವಿಗಿಂತ ನಿಮ್ಮ ಹಿತ್ತಲಿನ ಎಲೆ ಚೆಂದ ಅಂತ ನನ್ನ ಅಭಿಪ್ರಾಯ. ಮಲೆನಾಡಿನ ಅಂಚಿನಲ್ಲಿದ್ದೀರಿ, ಜರಿಗಿಡಕ್ಕೇನು ಕೊರತೆ? ಒಂದು ಸಣ್ಣ ಜರಿಯನ್ನೋ ಬೇವಿನ ಎಳೆಯ ಕಡ್ಡಿಯನ್ನೋ ಒಂದು ದಿನ ಪುಸ್ತಕದಲ್ಲಿಟ್ಟು ಚಪ್ಪಟೆ ಮಾಡಿ. ನರಗಳು ಎದ್ದು ಕಾಣುವುದು ಹಿಂಭಾಗದಲ್ಲಿ, ಅಲ್ಲಿಗೆ ಸ್ಪಂಜಿನಿಂದ ಗಟ್ಟಿ ಬಣ್ಣ ತಟ್ಟಿ. ಕಾರ್ಡಿನ ಮೇಲೆ ಬೋರಲು ಹಾಕಿ, ಮೇಲೆ ಕಾಗದ ಇಟ್ಟು ಬೆರಳಿನಿಂದ ಉಜ್ಜಿ. ಚಿಕ್ಕಂದಿನಲ್ಲಿ ಕೈಮೇಲೆ ಹೊಡೆದುಕೊಂಡು ಬಿಳಿ ಅಚ್ಚು ಮೂಡಿಸುತ್ತಿದ್ದ ಬೆಳ್ಳಿ ಜರಿ ಇದೆಯಲ್ಲ, ಅದರ ಪುಡಿ ಮಾತ್ರ ಕಾಗದದ ಮೇಲೆ ನಿಲ್ಲುವುದಿಲ್ಲ. ಅದಕ್ಕೂ ಬಣ್ಣವೇ ಹಚ್ಚಬೇಕು.

ಹೂವು ಬೇಕೇ ಬೇಕು ಅಂದರೆ ಪಾರಿಜಾತ ಮಾಡಿ. ಬೆಳಗಾಗುವಷ್ಟರಲ್ಲಿ ತಾನೇ ಉದುರುವ ಹೂವು, ಬಿಳಿ ಎಸಳು, ಕೇಸರಿ ತೊಟ್ಟು. ಬಿಳಿ ಬಣ್ಣ ಬಳಿಯಬೇಕಿಲ್ಲ. ಮನೆಯ ಬಿಳಿ ಮೇಣದಬತ್ತಿಯ ತುದಿಯಿಂದ ಕಾಗದದ ಮೇಲೆ ಸಣ್ಣ ಸಣ್ಣ ಎಸಳು ಒತ್ತಿ ಬರೆಯಿರಿ, ಒಂದು ಹೂವಿಗೆ ಐದೋ ಆರೋ. ಬರೆದದ್ದು ಕಣ್ಣಿಗೆ ಕಾಣುವುದಿಲ್ಲ. ಅದರ ಮೇಲೆ ಬೂದು ಬಣ್ಣ ಹರಿಸಿದಾಗ ಮೇಣ ಇದ್ದ ಕಡೆ ಬಣ್ಣ ಕೂರದೆ ಹೂವು ಬಿಳಿಯಾಗಿ ಮೂಡುತ್ತದೆ. ನಡುವಿನ ಚುಕ್ಕಿಯಷ್ಟು ಜಾಗಕ್ಕೆ ಮೇಣ ತಾಗಿಸದೆ ಬಿಟ್ಟಿರಿ. ಒಣಗಿದ ಮೇಲೆ ಅಲ್ಲಿ ಒಂದೇ ಒಂದು ಚುಕ್ಕಿ ಕೇಸರಿ ಇಡಿ. ಕಾರ್ಡಿನಲ್ಲಿ ಬಣ್ಣ ಅಂತ ಇರುವುದು ಅಷ್ಟೇ ಆಗಿರಲಿ. ಮೂರು ಹೂವಿಗಿಂತ ಜಾಸ್ತಿ ಬೇಡ.

ಸ್ವಂತ ಸ್ಟ್ಯಾಂಪು ಕೊರೆಯುವ ಆಸೆ ಇದ್ದರೆ ದೊಡ್ಡ ಪೆನ್ಸಿಲ್ ರಬ್ಬರ್ ಸಾಕು. ತೆಳು ಟ್ರೇಸಿಂಗ್ ಹಾಳೆಯಲ್ಲಿ ಎಲೆಯನ್ನು ಕಪ್ಪಾಗಿ ಪೆನ್ಸಿಲಿನಲ್ಲಿ ಬರೆದು, ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿ. ಕನ್ನಡಿಯ ಬಿಂಬ ತಾನೇ ಇಳಿಯುತ್ತದೆ. ಕಟರಿನಲ್ಲಿ ಸುತ್ತಲೂ ಹೊರಗಡೆಗೆ ಇಳಿಜಾರಾಗಿ ಕತ್ತರಿಸಿ. ಒಳಗಡೆಗೆ ಕೊರೆದರೆ ಅಂಚು ಬುಡವಿಲ್ಲದೆ ಒತ್ತಿದಾಗ ಮುರಿಯುತ್ತದೆ.

ಅಕ್ಷರದ ಸ್ಟ್ಯಾಂಪನ್ನು ಮಾತ್ರ ಮಾಡಿಸಿ. ಕನ್ನಡದಲ್ಲಿ ಸಿದ್ಧವಾಗಿ ಸಿಗುವುದು ಕಡಿಮೆ. ಆಫೀಸಿನ ಸೀಲು ಮಾಡುವ ಅಂಗಡಿಗೆ ಹೋಗಿ, ಬಿಳಿ ಹಾಳೆಯ ಮೇಲೆ ಕಪ್ಪು ಪೆನ್ನಿನಲ್ಲಿ ನಿಮ್ಮದೇ ಕೈಬರಹದಲ್ಲಿ ಬರೆದು ಕೊಡಿ. ಅದನ್ನು ಸ್ಕ್ಯಾನ್ ಮಾಡಿ ಹಾಗೆಯೇ ಮಾಡಿಕೊಡುತ್ತಾರೆ. ತಾನೇ ಇಂಕ್ ಹಚ್ಚಿಕೊಳ್ಳುವ ಡಬ್ಬಿ ಸೀಲು ಬೇಡ, ಅದರಲ್ಲಿ ಇಂಕ್ ಬದಲಾಯಿಸುವುದು ರಗಳೆ. ಹಳೆಯ ರೀತಿಯ ಹಿಡಿ ಇರುವುದನ್ನೇ ಕೇಳಿ. ಅಕ್ಷರ ಅರ್ಧ ಸೆಂಟಿಮೀಟರಿಗಿಂತ ಚಿಕ್ಕದಾದರೆ ಒತ್ತಕ್ಷರ ಇಂಕ್ ತುಂಬಿ ಮುಚ್ಚಿಹೋಗುತ್ತದೆ. ಏನು ಬರೆಸಬೇಕು? ‘ಶ್ರದ್ಧಾಂಜಲಿ’ ಅಂತ ಮಾತ್ರ ಬೇಡ. ಅದು ಬೀದಿ ಮೂಲೆಯ ಫ್ಲೆಕ್ಸಿನ ಮಾತಾಗಿಬಿಟ್ಟಿದೆ. ಇನ್ನೊಂದು ಕಾರಣವೂ ಇದೆ. ಸಾವಿನ ಸುದ್ದಿ ತಂದ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿತ್ತು. ಈಗಲೂ ಮನೆಯ ಹಿರಿಯರಿಗೆ ಅಂಥದ್ದನ್ನು ಇಟ್ಟುಕೊಳ್ಳಲು ಕಸಿವಿಸಿ ಆಗಬಹುದು. ಮುಖಪುಟದಲ್ಲಿ ಸಾವಿನ ಮಾತೇ ಇಲ್ಲದಿದ್ದರೆ ಕಾರ್ಡು ಪುಸ್ತಕದ ನಡುವೆ, ಬೀರುವಿನಲ್ಲಿ ಉಳಿಯುತ್ತದೆ. ‘ನೆನಪು’ ಅಂತಲೋ ‘ನಿಮ್ಮ ಜೊತೆ ಇದ್ದೇವೆ’ ಅಂತಲೋ ಒಂದು ಸಾಲು ಸಾಕು. ಏನೂ ಇಲ್ಲದಿದ್ದರೂ ಸರಿಯೇ.

ದಪ್ಪ ಕಾಗದವನ್ನು ಸುಮ್ಮನೆ ಮಡಚಿದರೆ ಮಡಿಕೆ ಬಿರಿಯುತ್ತದೆ. ಖಾಲಿಯಾದ ಬಾಲ್ ಪೆನ್ನನ್ನು ಸ್ಟೀಲ್ ಸ್ಕೇಲಿಗೆ ತಾಗಿಸಿ ಒಂದು ಗೆರೆ ಒತ್ತಿ ಎಳೆಯಿರಿ. ಎಳೆದ ಕಡೆ ಹಳ್ಳ, ಹಿಂದೆ ಸಣ್ಣ ಏರು ಬರುತ್ತದೆ. ಆ ಏರು ಮಡಿಕೆಯ ಒಳಗಡೆ ಬರುವ ಹಾಗೆ ಮಡಚಿ. ಬಹಳ ಜನ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ಹಾಳೆಯನ್ನು ಎರಡೂ ದಿಕ್ಕಿಗೆ ಸ್ವಲ್ಪ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ದಿಕ್ಕಿನ ಮಡಿಕೆ ನುಣುಪಾಗಿ ಬರುತ್ತದೆ.

ಒಳಗಿನ ಬರಹ. ನಿಜ ಹೇಳಬೇಕೆಂದರೆ ನಿಮ್ಮ ಗೆಳತಿ ಹೊರಗಿನ ಚಿತ್ರ ನೋಡುವುದು ಒಂದು ಕ್ಷಣ. ಓದುವುದು ಒಳಗಿನದನ್ನು, ಅದನ್ನೂ ಎರಡು ಮೂರು ಸಲ. ಚಿತ್ರಕ್ಕೆ ಇಟ್ಟ ಸಮಯದಷ್ಟೇ ಇದಕ್ಕೂ ಇಡಿ. ಮೊದಲು ಬೇರೆ ಹಾಳೆಯಲ್ಲಿ ಬರೆದು ನೋಡಿ. ಅವರ ತಾಯಿಯ ಬಗ್ಗೆ ನಿಮಗೆ ಮಾತ್ರ ಗೊತ್ತಿರುವ ಒಂದು ಸಂಗತಿ ಇರಲಿ. “ಹಾಸ್ಟೆಲಿನಿಂದ ನಿಮ್ಮ ಮನೆಗೆ ಬಂದಾಗಲೆಲ್ಲ ಅಮ್ಮ ಬಸಳೆ ಹುಳಿ ಮಾಡುತ್ತಿದ್ದರು. ಸಾಕು ಅಂದರೂ ಸೌಟು ಹಿಡಿದು ನಿಂತೇ ಇರುತ್ತಿದ್ದರು. ಆಮೇಲೆ ನನಗೆ ಅಷ್ಟು ಅಕ್ಕರೆಯಿಂದ ಬಡಿಸಿದವರು ಕಡಿಮೆ.” ಇಷ್ಟು ಬರೆದರೆ ಸಾಕು. ಇದರ ಮುಂದೆ ಆತ್ಮಕ್ಕೆ ಶಾಂತಿ ಕೋರುವ ಸಾಲು ಬೇಕಾದರೆ ಸೇರಿಸಿ, ಇಲ್ಲದಿದ್ದರೂ ಏನೂ ಕೊರತೆಯಿಲ್ಲ.

ಬರೆಯಬಾರದ್ದೂ ಕೆಲವು ಇವೆ. ವಯಸ್ಸಾಗಿತ್ತಲ್ಲ, ನರಳದೆ ಹೋದರು ಪುಣ್ಯವಂತರು, ಎಲ್ಲ ದೇವರ ಇಚ್ಛೆ, ನೀನು ಧೈರ್ಯವಾಗಿರಬೇಕು. ಇವನ್ನು ಮನೆಯವರೇ ಹೇಳಿಕೊಂಡರೆ ಸಮಾಧಾನ, ಹೊರಗಿನವರು ಹೇಳಿದರೆ ಬಾಯಿ ಮುಚ್ಚಿಸಿದ ಹಾಗೆ. ಏನಾಗಿತ್ತು, ಯಾವ ಆಸ್ಪತ್ರೆ ಅಂತ ಕೇಳಬೇಡಿ. ‘ಏನಾದರೂ ಬೇಕಿದ್ದರೆ ಹೇಳು’ ಅನ್ನುವುದು ಒಳ್ಳೆಯ ಮನಸ್ಸಿನ ಮಾತೇ, ಆದರೆ ಕೇಳುವ ಭಾರ ಅವರ ತಲೆಗೇ ಬೀಳುತ್ತದೆ. “ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತೇನೆ, ಒಂದು ದಿನ ನಿನ್ನ ಜೊತೆ ಇದ್ದು ಹೋಗುತ್ತೇನೆ” ಅಂತ ಬರೆಯಿರಿ, ಬರುವುದಾದರೆ. ಉತ್ತರ ಬರೆಯುವ ಅಗತ್ಯವಿಲ್ಲ ಅಂತಲೂ ಸೇರಿಸಬಹುದು.

ಬೇರೆ ಮನೆಗಳಿಗೂ ಇಂಥ ಕಾರ್ಡು ಮಾಡುವುದಾದರೆ ಅವರ ಪದ್ಧತಿ ಗೊತ್ತಿದ್ದಷ್ಟೇ ಬಳಸಿ. ಲಿಂಗಾಯತರ ಮನೆಯಲ್ಲಿ ಲಿಂಗೈಕ್ಯರಾದರು ಅನ್ನುತ್ತಾರೆ, ವೈಷ್ಣವರ ಮನೆಯ ಮಾತು ಬೇರೆ, ಕ್ರೈಸ್ತರ, ಮುಸ್ಲಿಮರ ಮನೆಯ ಪ್ರಾರ್ಥನೆಯ ಸಾಲುಗಳು ಬೇರೆ. ತಪ್ಪಾಗಿ ಎರವಲು ತರುವುದಕ್ಕಿಂತ ಹೋದವರ ಹೆಸರು ಹಿಡಿದು ಒಂದು ನೆನಪು ಬರೆದರೆ ಎಲ್ಲರಿಗೂ ಒಪ್ಪುತ್ತದೆ.

ತಡವಾಯಿತು ಅಂತ ಕೊರಗಬೇಡಿ. ವೈಕುಂಠ ಸಮಾರಾಧನೆ ಮುಗಿಯುವವರೆಗೆ ಮನೆ ತುಂಬ ಜನ, ಅಡುಗೆ, ಓಡಾಟ. ನೆಂಟರೆಲ್ಲ ಹೊರಟ ಮೇಲೆ ಮನೆ ಖಾಲಿ ಹೊಡೆಯುತ್ತದೆ. ಕಾರ್ಡು ತಲುಪಬೇಕಾದ್ದು ಆಗ. ನಿಮ್ಮದು ಸರಿಯಾದ ಹೊತ್ತಿಗೇ ಹೋಗುತ್ತದೆ. ವಿಳಾಸವನ್ನು ಬಾಲ್ ಪೆನ್ನಿನಲ್ಲಿ ಬರೆಯಿರಿ, ಇಂಕ್ ಪೆನ್ನಾದರೆ ಮಳೆಗೆ ಹರಿದುಹೋಗುತ್ತದೆ. ಒಳಗೂ ಮೊದಲು ಚೂರು ಕಾಗದದಲ್ಲಿ ಪೆನ್ನು ಆಡಿಸಿ ನೋಡಿ. ಎ5 ಅಳತೆಯ 300 ಜಿಎಸ್ಎಂ ಹಾಳೆ ಒಂಬತ್ತೂವರೆ ಗ್ರಾಂಗಿಂತ ಕಡಿಮೆ ತೂಗುತ್ತದೆ. ಕವರ್ ಸೇರಿದರೂ 15 ಗ್ರಾಂ ಆಸುಪಾಸು. ಸಾದಾ ಅಂಚೆಯಲ್ಲೇ ಹೋಗುತ್ತದೆ.

ಒಂದು ಹಾಳೆಯ ಬಣ್ಣದಲ್ಲಿ ನಾಲ್ಕೈದು ತುಂಡು ಸಿಗುವುದರಿಂದ ಮಿಕ್ಕವನ್ನು ಅಂಟಿಸಿ, ಒಳಗೆ ಖಾಲಿ ಬಿಟ್ಟು ಎತ್ತಿಡಿ. ಸಾವಿನ ಸುದ್ದಿ ಬಂದ ದಿನ ಬ್ರಷ್ ಹಿಡಿಯಲು ಯಾರಿಗೂ ಆಗುವುದಿಲ್ಲ.

ಕೊನೆಗೆ ಮಗಳ ವಿಷಯ. ಅಲ್ಲಿ ಸಾಂತ್ವನದ ಕಾರ್ಡು ಕೊಡುವುದು ಮಾಮೂಲಿ ಪದ್ಧತಿ, ಹಾಗಾಗಿ ಸಂಕೋಚ ಬೇಡ. ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡಿನಲ್ಲಿ ಸಾವಿನ ಮನೆಯವರ ಕಾಗದ, ಕವರುಗಳಿಗೆ ಕಪ್ಪು ಅಂಚು ಇರುತ್ತಿತ್ತು. ಶೋಕದ ದಿನಗಳು ಕಳೆದಂತೆ ಅಂಚು ಸಣ್ಣದಾಗುತ್ತಿತ್ತು. ಈಗ ಆ ರೂಢಿ ಹೋಗಿದೆ, ಕಪ್ಪು ಚೌಕಟ್ಟು ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಯೂ ತೆಳು ಬೂದು, ನೀಲಿ, ಒಂದು ಎಲೆ ಸಾಕು. ಲಿಲ್ಲಿ ಹೂವು ಅಲ್ಲಿ ಅಂತ್ಯಕ್ರಿಯೆಗೆ ಹೊಂದಿಕೊಂಡದ್ದು, ಬಳಸಬಹುದು. ನಮ್ಮ ದೇವರ ಮುಡಿಯ ಸೇವಂತಿಗೆ ಫ್ರಾನ್ಸ್, ಇಟಲಿಯಲ್ಲಿ ಸಮಾಧಿಯ ಹೂವು. ಆ ಅಜ್ಜಿಯ ಮೂಲ ಎಲ್ಲಿಯದೋ ಗೊತ್ತಿಲ್ಲದಿದ್ದರೆ ಎಲೆಯೇ ಕ್ಷೇಮ. ಕರ್ಮ, ಮರುಜನ್ಮ, ಮೋಕ್ಷದ ಮಾತು ಬೇಡ. ಆ ತಾತ ಬೆಳಿಗ್ಗೆ ಅಂಗಳಕ್ಕೆ ಬಂದು ಕೈ ಬೀಸುತ್ತಿದ್ದರು, ಅದನ್ನು ಮರೆಯುವುದಿಲ್ಲ ಅಂತ ಸರಳ ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಲಿ. ಅವರನ್ನು ಏನೆಂದು ಕರೆಯುತ್ತಿದ್ದಳೋ ಅದೇ ಹೆಸರು ಹಾಕಲಿ. ಅಂಚೆಯಲ್ಲಿ ಕಳಿಸುವುದಾದರೆ ಚೌಕಾಕಾರದ ಕವರ್ ಬೇಡ. ಅಲ್ಲಿನ ಅಂಚೆಯಲ್ಲಿ ಅದಕ್ಕೆ ಹೆಚ್ಚು ದುಡ್ಡು ಹಿಡಿಯುತ್ತಾರೆ, ಯಂತ್ರದಲ್ಲಿ ಸರಿಯಾಗಿ ಹೋಗುವುದಿಲ್ಲ ಅಂತ. ಪಕ್ಕದ ಮನೆಯೇ ಅಂತ ಸುಮ್ಮನೆ ಅವರ ಮೇಲ್‌ಬಾಕ್ಸಿಗೆ ಹಾಕಿಬರುವುದೂ ಬೇಡ. ಅಂಚೆ ಚೀಟಿ ಇಲ್ಲದ ಕಾಗದವನ್ನು ಮೇಲ್‌ಬಾಕ್ಸಿಗೆ ಹಾಕುವುದು ಅಲ್ಲಿ ಕಾನೂನಿಗೆ ವಿರುದ್ಧ. ಬಾಗಿಲು ತಟ್ಟಿ ಕೈಗೇ ಕೊಡಲಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಬಾಗಿಲ ಬಳಿ ಇಟ್ಟು ಬರಲಿ.